ಕೂತಿರಲು ಕೊಟ್ಟ ಮಾತು

ಶಿಲುಬೆ ಇದ್ದ ಜಾಗ ಗೋಡೆಯ ಮೇಲೆ ಇನ್ನೂ ಬೆಳ್ಳಗೇ ಇದೆ, ಸುತ್ತೆಲ್ಲ ಮೇಣದಬತ್ತಿಯ ಹೊಗೆ ಹಿಡಿದು ಕಂದಿದೆ, ಅಲ್ಲಿ ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ — ಬಾಜಿಲ್ ರೊಬಿಟಾಯ್ ಅದನ್ನೇ ನೋಡುತ್ತ ಕೂತಿದ್ದ, ಒದ್ದೆ ಉಣ್ಣೆಯ ವಾಸನೆ, ಬೂಟಿನೊಳಗೆ ಕರಗುತ್ತಿರುವ ಹಿಮ, ಒಲೆ ಆ ಮೂಲೆಯಲ್ಲಿ, ಅದರ ಬಿಸಿ ಇಂಗ್ಲಿಷರ ಬೆಂಚಿನವರೆಗೆ ಬಂದು ನಿಂತುಬಿಡುತ್ತದೆ, ಈ ಕಡೆಗೆ ಬರುವುದು ಹೊಗೆ ಮಾತ್ರ. ಬಿಷಪ್ಪರ ಅರಮನೆಯ ಪ್ರಾರ್ಥನಾಮಂದಿರ ಇದು, ಅಲ್ಲ, ಈಗ ಇದು ಸಭೆ, ಫ್ರೆಂಚು ಮಾತಾಡುವ ಕ್ವಿಬೆಕ್ಕಿನ ಜನ ತಾವೇ ಆರಿಸಿ ಕಳಿಸಿದವರ ಮೊತ್ತಮೊದಲ ಸಭೆ, ಅವರನ್ನು ಗೆದ್ದ ಇಂಗ್ಲೆಂಡಿನ ದೊರೆ ಕೊಟ್ಟದ್ದು, ಬಳಸಿಕೊಳ್ಳಿ ಎಂದು ಕೊಟ್ಟನೋ ಸುಮ್ಮನೆ ನೋಡಿಕೊಂಡಿರಿ ಎಂದು ಕೊಟ್ಟನೋ, ಬೆಂಚಿನ ಮೇಲೆ ಕೂತವರಿಗೇ ಇನ್ನೂ ಗೊತ್ತಾಗಿಲ್ಲ. ಮೊದಲ ದಿನ ಒಳಗೆ ಬಂದವನೇ ಮಂಡಿ ಬಗ್ಗಿಸಿದ್ದ, ಹಿಂದಿನಿಂದ ನೋಟರಿ ಪಾಕೆ, ಏಳು ಬಾಜಿಲಣ್ಣ, ಏಳು ಮಾರಾಯ, ಇಲ್ಲಿ ಈಗ ದೇವರು ಬಾಡಿಗೆಗೂ ಇಲ್ಲ. ಅದೇ ಪಾಕೆ ಈಗ ಎದ್ದು ನಿಂತು ಗಂಟಲು ಹರಿದುಕೊಳ್ಳುತ್ತಿದ್ದಾನೆ, ಹೊಲದ ಗಡಿಗೆ ಜಗಳ ಬಿದ್ದಾಗ ನಮ್ಮ ರೈತ ಯಾವ ಕಾನೂನು ಹಿಡ್ಕೊಂಡು ಹೋಗ್ಬೇಕು ಸ್ವಾಮಿ, ತನಗೆ ತಿಳಿಯೋದನ್ನೋ, ಜಡ್ಜಿಗೆ ತಿಳಿಯೋದನ್ನೋ, ಫ್ರೆಂಚಿನಲ್ಲಿ ಬರೆದದ್ದಕ್ಕೂ ಇಂಗ್ಲಿಷಿನಷ್ಟೇ ತೂಕ ಇರಲಿ, ಇವತ್ತು ಕೇಳ್ತಿರೋದು ಅಷ್ಟೇ. ಎದುರು ಬೆಂಚಿನಿಂದ ಡಂಕನ್ ಏನೋ ಅಂದ, ಬಾಜಿಲನ ಅಳಿಯ, ಸ್ಕಾಟ್ಲೆಂಡಿನಿಂದ ಬಂದು ತುಪ್ಪಳದ ವ್ಯಾಪಾರದಲ್ಲಿ ಬೆಳೆದವನು, ಅಲ್ಲಿಯವರು ನಕ್ಕರು, ಗುಮಾಸ್ತ ಅದನ್ನು ಫ್ರೆಂಚಿಗೆ ತಂದ — ಒಬ್ಬನೇ ದೊರೆ, ಒಂದೇ ಕಾನೂನು, ಅದಕ್ಕೆ ಎರಡೆರಡು ನಾಲಿಗೆ ಯಾಕೆ, ನೆಕ್ಕೋಕೊಂದು ಕಚ್ಚೋಕೊಂದಾ — ಆಗ ಈ ಕಡೆಯ ಕೆಲವರು ನಕ್ಕರು, ಈ ಸಭೆಯಲ್ಲಿ ನಗೆ ಯಾವಾಗಲೂ ಎರಡು ಕಂತಿನಲ್ಲೇ ಬರುತ್ತದೆ.

ಬಾಜಿಲ್ ನಗಲಿಲ್ಲ, ಬೆಳಿಗ್ಗೆ ಒಮ್ಮೆ ನಕ್ಕಾಗಿತ್ತು, ಮಗಳ ಮನೆಯ ಮೇಜಿನಲ್ಲಿ, ಮೊಮ್ಮಗಳು ಎಲ್ಸಿ ಗಂಜಿಯ ಚಮಚ ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದಳು, ಎಲ್ಲರೂ ನಕ್ಕರು, ಅವನೂ ನಕ್ಕ, ಮಗು ಅವನ ಮುಖವನ್ನೇ ನೋಡಿತು, ತಾತಂಗೆ ಅರ್ಥ ಆಗ್ಲಿಲ್ಲ, ಸುಮ್‌ಸುಮ್ನೆ ನಗ್ತಿದಾನೆ — ಅಷ್ಟನ್ನು ಮಾತ್ರ ಫ್ರೆಂಚಿನಲ್ಲಿ ಹೇಳಿತು. ಆ ಫ್ರೆಂಚು ಅವಳಿಗೆ ಬಂದದ್ದು ಬೇಸಗೆಯಲ್ಲಿ, ಅವನ ಊರಿನ ನದಿಯ ದಡದಲ್ಲಿ, ಹಾವುಮೀನು ಹಿಡಿಯುವ ತಟ್ಟಿಗೆ ಕಡ್ಡಿ ಹೆಣೆಯುತ್ತ, ಕೆಸರಿನಲ್ಲಿ ಕಾಲು ಹೂತು, ಇದಕ್ಕೇನಂತಾರೆ ತಾತ, ಇದಕ್ಕೆ, ಇದಕ್ಕೆ. ಡಂಕನ್ ಗದರಿಸುವವನಲ್ಲ, ಗದರಿಸಿದ್ದರೆ ಸುಲಭವಿತ್ತು, ಕೋಟು ತೊಡಿಸುತ್ತಲೇ ಹೇಳಿದ, ವಿರೋಧ ಮಾಡಿ ಅಂತ ನಾನು ಕೇಳ್ತಿಲ್ಲ ಮಾವ, ಮತ ಎಣಿಸೋವಾಗ ಕೂತಿರಿ ಸಾಕು, ಈ ಚಳೀಲಿ ನಿಮ್ಮ ಮಂಡಿಗೂ ಒಳ್ಳೇದು, ನನ್ನ ಮಾವನೇ ನನಗೆದುರು ನಿಂತ ಅಂದ್ರೆ ಪೇಟೇಲಿ ನಾನು ತಲೆ ಎತ್ತೋದು ಹೆಂಗೆ, ಆಮೇಲೆ ಎಲ್ಸಿ ಬೇಸಗೇಲಿ ನಿಮ್ಮೂರಿಗೆ ಬರಲ್ಲ, ಇಲ್ಲೇ ಇರ್ತಾಳೆ, ಅದಕ್ಕೆ ನನ್ನ ದೂರಬೇಡಿ. ಅವನು ಹೊರಗೆ ಹೋದ ಮೇಲೆ ಮಗಳು ಉರ್ಸುಲ್ ಹಿಟ್ಟಿನ ಕೈಯಲ್ಲೇ ಬಂದು ಅಪ್ಪನ ತೋಳು ಹಿಡಿದಳು, ಕೂತಿರಪ್ಪಾ, ಕೂತ್ಕೊಳ್ಳೋಕೇನು ಕಷ್ಟ, ನಿಂತು ಮನೆಗೆ ಹೋಗೋನು ನೀನು, ಇಲ್ಲಿ ಬಾಳೋಳು ನಾನು. ಆಯ್ತು ಮಗಳೇ. ಆಯ್ತು ಅಂದಿದ್ದ. ಬೀದಿಗಿಳಿದು ತಿರುಗಿ ನೋಡಿದರೆ ಕಿಟಕಿಗೆಲ್ಲ ಹಿಮದ ಪೊರೆ, ಒಳಗಿನಿಂದ ಯಾರೋ ಉಸಿರು ಬಿಟ್ಟು ಉಜ್ಜಿ ಮಾಡಿದ ಒಂದು ತೂತು, ತೂತಿನಲ್ಲಿ ಒಂದು ಕಣ್ಣು, ಎಲ್ಸಿಯದೇ, ಅಷ್ಟು ಕೆಳಗಿತ್ತು.

ಇನ್ನೊಬ್ಬರು ಎದ್ದರು, ಮಾತಾಡಿದರು, ಕೂತರು, ಮತ್ತೊಬ್ಬರು — ಊರಿನ ಜನ ಇಗರ್ಜಿಯ ಬಾಗಿಲಲ್ಲಿ ಅವನ ಹೆಸರು ಕೂಗಿ ಆರಿಸಿದ ದಿನ ಮುದುಕಿ ವೆರೋನಿಕ್ ಬೆರಳು ತೋರಿಸಿ, ಲೇ ಬಾಜಿಲ್, ಅಲ್ಲಿ ಹೋಗಿ ತಿಂದು ಮಲಗಿ ಬರಬೇಡ, ನಮ್ಮ ಬಾಯಿಗೂ ಅಲ್ಲಿ ಒಂದು ಜಾಗ ಮಾಡಿ ಬಾ — ಸರಿ ಅಜ್ಜಿ, ಆಯ್ತು ಮಗಳೇ, ಇಬ್ಬರಿಗೂ ಆಯ್ತು ಅಂದವನು ಇವನೊಬ್ಬನೇ, ಈಗ ಒಂದೇ ಮೈಯಲ್ಲಿ ಇಬ್ಬರ ಮಾತನ್ನೂ ಹೇಗೆ ಉಳಿಸುವುದು, ಮನಸ್ಸು ಮತ್ತೆ ಕಿಟಕಿಯ ಆ ತೂತಿಗೇ ಹೋಗುತ್ತದೆ, ಉಜ್ಜಿದಷ್ಟು ಹೊತ್ತು ಮಾತ್ರ ಇರುವ ತೂತು. ಒಪ್ಪುವವರು ಎದ್ದು ನಿಲ್ಲಬೇಕು, ಸಭಾಪತಿ ಅಂದರು, ಎರಡು ಭಾಷೆಯಲ್ಲೂ ಅಂದರು, ಎಡಗಡೆಯವನು ಎದ್ದ, ಪಾಕೆ ಎದ್ದ, ಹಲಗೆ ಹಗುರಾಗಿ ಕೆಳಗಿನಿಂದ ತನ್ನನ್ನೇ ನೂಕಿದ ಹಾಗಾಯಿತು, ಸುತ್ತ ಕೋಟಿನ ಬೆನ್ನುಗಳು, ನಡುವೆ ಬಾವಿಯೊಳಗೆ ಕೂತ ಹಾಗೆ ಅವನು, ಪಾಕೆ ಕೆಳಗೆ ನೋಡಲಿಲ್ಲ, ನೋಡದೇ ಇರುವುದೇ ಬೈಗುಳ, ಗುಮಾಸ್ತ ಎಣಿಸುತ್ತ ಬಂದ. ಆಗ ಗಂಟೆ. ದೊಡ್ಡ ಇಗರ್ಜಿಯ ಮಧ್ಯಾಹ್ನದ ಪ್ರಾರ್ಥನೆಯ ಗಂಟೆ, ಮೊದಲ ಹೊಡೆತ ಎದೆಗೆ ಬಿದ್ದದ್ದೇ, ಹೊಲದಲ್ಲಿದ್ದರೆ ಕುಡುಗೋಲು ಅಲ್ಲೇ ಬಿಟ್ಟು ಎದ್ದು ನಿಲ್ಲುವುದು, ನದಿಯಲ್ಲಿದ್ದರೆ ಹುಟ್ಟು ದೋಣಿಯೊಳಗೆಳೆದು ಎದ್ದು ನಿಲ್ಲುವುದು, ಟೋಪಿ ಎದೆಗೆ, ಕಣ್ಣು ಮುಚ್ಚಿ, ಅಪ್ಪ ನಿಂತ ಹಾಗೆ, ಅಪ್ಪನ ಅಪ್ಪ ನಿಂತ ಹಾಗೆ, ನಮೋ ಮರಿಯಾ — ಕಣ್ಣು ಬಿಟ್ಟಾಗ ಬೆನ್ನುಗಳು ಕಾಣಲಿಲ್ಲ, ಎದುರಿನ ಮುಖಗಳು ಕಂಡವು, ತಾನು ನಿಂತಿದ್ದ.

ಡಂಕನ್‌ನ ಬಾಯಿ ಅರ್ಧ ತೆರೆದಿತ್ತು, ಆಮೇಲೆ ಅರ್ಥವಾಗಿ ಮುಗುಳ್ನಕ್ಕ, ಒಳ್ಳೆಯ ಫ್ರೆಂಚಿನಲ್ಲೇ ಅಂದ, ಮಾವ, ಗಂಟೆ ಮುಗೀತು, ಕೂತ್ಕೊಳ್ಳಿ. ಗುಮಾಸ್ತನ ಬೆರಳು ಗಾಳಿಯಲ್ಲೇ ನಿಂತಿತ್ತು. ರೊಬಿಟಾಯ್ ಅವರೇ, ಸಭಾಪತಿ ಕೇಳಿದರು, ತಾವು ಎದ್ದದ್ದು ಪ್ರಾರ್ಥನೆಗೋ ಮತ ಕೊಡಲಿಕ್ಕೋ? ಈ ಸಲ ನಗೆ ಒಂದೇ ಕಂತಿನಲ್ಲಿ ಬಂತು, ಎರಡೂ ಕಡೆಯಿಂದ. ಕೂತರಾಯಿತು, ಮಂಡಿ ಮಡಿಸಿದರಾಯಿತು, ಯಾರೂ ಏನೂ ಅನ್ನುವುದಿಲ್ಲ, ದೇವರಿಗೆ ಎದ್ದವನು ಕೂತ ಅಷ್ಟೇ, ಬೇಸಗೆ ಬರುತ್ತದೆ, ಎಲ್ಸಿ ಬರುತ್ತಾಳೆ, ಇದಕ್ಕೇನಂತಾರೆ ತಾತ ಅನ್ನುತ್ತಾಳೆ, ಮೊಮ್ಮಗಳಿಗೆ ಕಲಿಸುವ ಆ ಭಾಷೆಯನ್ನೇ ಇಲ್ಲಿ ಬೇಡ ಎಂದು ಕೂತವನು ಅವಳಿಗೆ ಏನಂತ ಹೇಳಿಕೊಡುವುದು, ಉರ್ಸುಲ್, ಮಗಳೇ, ಕೂತಿರುತ್ತೇನೆ ಅಂದದ್ದು ನಿಜ, ಕೂತೇ ಇದ್ದೆ — ಪ್ರಾರ್ಥನೆಗೆ ಎದ್ದೆ ಸ್ವಾಮಿ, ತನ್ನ ದನಿ ತನಗೇ ದೂರದಿಂದ ಕೇಳಿತು, ಮತಕ್ಕೆ ನಿಂತಿದ್ದೀನಿ. ಗುಮಾಸ್ತನ ಬೆರಳು ಮುಂದಕ್ಕೆ ಹೋಯಿತು. ಡಂಕನ್ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡ, ಇತ್ತ ನೋಡಲಿಲ್ಲ, ಸಂಜೆ ಮಗಳ ಮನೆಯ ಬೀದಿಗೆ ಹೋಗಬೇಕು, ಗಂಟುಮೂಟೆ ಅಲ್ಲೇ ಇದೆ, ಏರು ಹತ್ತಿ, ತಿರುವು ದಾಟಿ, ತಲೆ ಎತ್ತಿದರೆ ಕಿಟಕಿ, ಕಿಟಕಿಯ ತುಂಬ ಬಿಳಿ ಪೊರೆ, ಅಂಚಿನಿಂದ ಒಳಕ್ಕೆ ಕಟ್ಟುತ್ತ ಬರುವ ಹಿಮ, ನಡುವೆ ಇನ್ನೂ ಒಂದಿಷ್ಟು ತೂತು, ತೂತಿನ ಹಿಂದೆ ಕತ್ತಲೆ, ಕತ್ತಲೆಯಲ್ಲಿ ಕಣ್ಣು ಇದೆಯೋ, ತೂತು, ಒಂದು ತೂತು —