ಏರುತ್ತಿದ್ದ ಅಂಕಿ

ಇಂಟರ್‌ನೆಟ್ ಸಂಪರ್ಕ ಕಡಿದ ಕೂಡಲೇ ಫೋನು ಹೊಡೆದುಕೊಂಡಿತು. ಹೊನ್ನಾವರದ ಆ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಇದ್ದದ್ದು ಒಂದೇ ಟೆಲಿಫೋನ್ ತಂತಿ. ಅದರಲ್ಲಿ ಇಂಟರ್‌ನೆಟ್ ನಡೆಯುವಷ್ಟು ಹೊತ್ತು ಹೊರಗಿನ ಕರೆ ಒಳಗೆ ಬರುತ್ತಿರಲಿಲ್ಲ. ಮಾವಳ್ಳಿಯಿಂದ ಯಾರೋ ಮಧ್ಯಾಹ್ನದಿಂದ ಪ್ರಯತ್ನಿಸುತ್ತಲೇ ಇದ್ದರಂತೆ. ನಾಗಪತಿ ಮಾಸ್ತರರು ಕೇಳಿಸಿಕೊಂಡು ರಿಸೀವರ್ ಕೆಳಗಿಟ್ಟರು. ವೆಬ್ ಪುಟ ಕಟ್ಟುವುದನ್ನು ಕಲಿಯುತ್ತಿದ್ದ ಹುಡುಗ ಹುಡುಗಿಯರು ತಲೆಯೆತ್ತಿದರು.

"ಸಂಜಯನ ದೋಣಿ ಮಗುಚಿತಂತೆ. ಉಳಿದಿಬ್ಬರು ಈಜಿ ದಡ ಸೇರಿದ್ದಾರೆ. ಅಂವ ಸಿಕ್ಕಲಿಲ್ಲ."

ಶ್ರಾವಣದ ನೂಲಹುಣ್ಣಿಮೆ ಕಳೆದು ದೋಣಿಗಳು ಸಮುದ್ರಕ್ಕೆ ಇಳಿದ ಮೊದಲ ವಾರ ಅದು. "ಅಪ್ಪಂಗೆ ಜನ ಸಾಲ್ದು ಸರ್, ಬಲೆಗೆ ಹೋಗಿ ಬತ್ತೆ" ಎಂದು ಸಂಜಯ ಮಾಸ್ತರರಿಗೆ ಹೇಳಿಹೋಗಿದ್ದ. ತರಗತಿಯಲ್ಲಿ ಅವನ ಕುರ್ಚಿ ಹಿಂದಕ್ಕೆ ಸರಿದಂತೆಯೇ ಇತ್ತು.

ಸಂಜಯ ಪರೀಕ್ಷೆಗೆಂದು ಮಾಡಿದ್ದ ಪುಟ ತನ್ನೂರು ಮಾವಳ್ಳಿಯ ದೋಣಿಗಳನ್ನು ಕುರಿತದ್ದು. ಕನ್ನಡ ಅಕ್ಷರಗಳು ಆ ಯಂತ್ರಗಳಲ್ಲಿ ಚೌಕ ಚೌಕವಾಗಿ ಒಡೆದು ಕಾಣುತ್ತಿದ್ದುದರಿಂದ ಇಂಗ್ಲಿಷಿನಲ್ಲೇ ಬರೆದಿದ್ದ. ಮೇಲೆ ಅವನು ದೋಣಿಯಲ್ಲಿ ನಿಂತ ಚಿತ್ರ. ಕೆಳಗೆ, ಪುಟವನ್ನು ಎಷ್ಟು ಸಲ ತೆರೆದು ನೋಡಿದ್ದಾರೆಂದು ತೋರಿಸುವ ಒಂದು ಅಂಕಿ. ಮಳೆಗಾಲದಲ್ಲಿ ತಾಯಿ ಸುಬ್ಬಿಯನ್ನು ಕರೆತಂದು ತೋರಿಸಿದ್ದ.

"ಇದೆಂತದೋ, ಕರೆಂಟಿನ ಮೀಟರಾ?" ಎಂದು ಅವಳು ಆ ಅಂಕಿಯ ಮೇಲೆ ಬೆರಳಿಟ್ಟಿದ್ದಳು.

"ಅಲ್ವೇ ಅವ್ವಿ. ಯಾರಾದ್ರೂ ನೋಡ್ರೆ ಒಂದು ಏರ್ತದೆ."

"ನಿನ್ನ ಮೋರೆ ನೋಡೂಕೂ ಮೀಟರು ಬೇಕಾಯ್ತಾ?" ಎಂದಾಗ ತರಗತಿಯೆಲ್ಲ ನಕ್ಕಿತ್ತು.

ಸಮುದ್ರ ದೋಣಿಯ ಒಂದು ಹುಟ್ಟನ್ನೂ ಹರಿದ ಬಲೆಯನ್ನೂ ದಡಕ್ಕೆ ತಂದು ಹಾಕಿತು. ಅವನನ್ನು ಕೊಡಲಿಲ್ಲ. ಸುಬ್ಬಿ ಅಳಲಿಲ್ಲ. ಹಿಂದೊಮ್ಮೆ ನೀರಿಗೆ ಬಿದ್ದ ನೆರೆಮನೆಯವನನ್ನು ಯಾವುದೋ ದೊಡ್ಡ ಬೋಟಿನವರು ಎತ್ತಿಕೊಂಡು ಗುಜರಾತಿನ ಬಂದರಿನಲ್ಲಿ ಇಳಿಸಿದ್ದರು. ಅವನು ತಿಂಗಳುಗಳ ಮೇಲೆ ತಿರುಗಿ ಬಂದಿದ್ದ. ಅವಳು ಅದನ್ನೇ ಹಿಡಿದುಕೊಂಡಳು. ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿ ಮುಗಿದ ಮೇಲೆ ಖಾಲಿ ಬುಟ್ಟಿಯನ್ನು ಕಾಲೇಜಿನ ಗೋಡೆಗೆ ಆನಿಸಿ ಒಳಗೆ ಬರುತ್ತಿದ್ದಳು.

"ಮಾಸ್ತರ್ರೇ, ಹನಿ ಅವ್ನ ಪುಟ ತೆಗೀರಿ."

ಆ ನಿಧಾನದ ತಂತಿಯಲ್ಲಿ ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಕೂದಲು, ಕಣ್ಣು, ಕೊನೆಗೆ ನಗುವ ಬಾಯಿ. ಅದು ಪೂರ್ತಿಯಾಗುವವರೆಗೆ ಕೋಣೆಯಲ್ಲಿ ಯಾರೂ ಕೀಲಿ ಒತ್ತುತ್ತಿರಲಿಲ್ಲ. ಸುಬ್ಬಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು.

"ಹೋದ ಸಲಕ್ಕಿಂತ ಏರಿದೆ ಕಾಣಿ! ಇಷ್ಟುದ್ದದ ವಿಳಾಸ ಅವ್ನ ಬಿಟ್ರೆ ಯಾರ ಬಾಯಿಗೆ ಬತ್ತದೆ? ಎಲ್ಲೋ ಕೂತು ಈಗ್ಲೂ ನೋಡ್ತಾ ಇದ್ದ."

ಮಾಸ್ತರರು ಪುಟ ಮುಚ್ಚಿ ಪಾಠಕ್ಕೆ ಮರಳುತ್ತಿದ್ದರು. ಸಂಜೆ ಕೋಣೆಗೆ ಬೀಗ ಹಾಕುವ ಮುನ್ನ ಅವರೂ ಆ ಪುಟವನ್ನು ಒಮ್ಮೆ ತೆರೆಯುತ್ತಿದ್ದರು. ಏಕೆಂದು ಕೇಳಿದರೆ ಹೇಳಲಾರರು. ಆದರೆ ಅಂಕಿ ಅವರ ಲೆಕ್ಕವನ್ನೂ ಮೀರಿ ಏರುತ್ತಿತ್ತು. ಒಂದು ಮುಸ್ಸಂಜೆ ಅದನ್ನು ಕಂಡು ಅವರು ರಾಮನಾಮ ಹೇಳಿಕೊಂಡು, ಹಿಂದೆ ಯಾರೋ ನಿಂತಿದ್ದಾರೆಂಬಂತೆ ತಿರುಗಿ ನೋಡಿದರು. "ಎಲ್ಲಿಂದ ನೋಡ್ತಿದೀಯೋ ತಮಾ?" ಎಂದು ಕೇಳಿಯೂ ಬಿಟ್ಟರು.

ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಸಂಜಯನ ತಂದೆ ದುರ್ಗಪ್ಪ ಬಂದು ಬಾಗಿಲ ಹೊರಗೇ ನಿಂತ.

"ಒಳಗೆ ಬನ್ನಿ ದುರ್ಗಪ್ಪ."

"ಬ್ಯಾಡ್ರಾ. ಆ ಮಿಷನ್ನಿನ ಎದುರು ನಿಲ್ಲೂಕೆ ನಂಗಾಗ. ಅವ್ನ ಬದ್ಲಿಗೆ ದರ್ಭೆ ಹುಲ್ಲಿನ ಶರೀರ ಮಾಡಿ ಸುಡೂಕೆ ಭಟ್ರು ಒಪ್ಪಿದಾರೆ. ಇವ್ಳು ಒಪ್ಪೂದಿಲ್ಲ. ಬದುಕಿದ್ದವ್ನ ಸುಡೂಕೆ ಹೊರಟೆಯಾ ಅಂತ ಉಗೀತಾಳೆ. ಮಗ ನೆಲೆಯಿಲ್ದೆ ತಿರುಗ್ತಾ ಇರಬೇಕಾ ಮಾಸ್ತರ್ರೇ? ಆ ಅಂಕಿ ಎಂತಕ್ಕೆ ಏರ್ತದೆ? ನಿಮ್ಗೆ ಗೊತ್ತಿದ್ರೆ ಅವ್ಳಿಗೆ ಹೇಳಿ."

ಆ ಪುಟವನ್ನು ಯಾರಾದರೂ ತೆರೆಯುತ್ತಿದ್ದೀರಾ ಎಂದು ಮರುದಿನ ಮಾಸ್ತರರು ತರಗತಿಯಲ್ಲಿ ಕೇಳಿದರು. ಹೆಬಳೆಯಿಂದ ಬರುತ್ತಿದ್ದ ಅಂಕಿತಾ ತಲೆ ತಗ್ಗಿಸಿದಳು.

"ನಾನು ತೆಗಿತೆ ಸರ್, ಭಟ್ಕಳದ ಸೈಬರ್ ಕೆಫೆಯಗೆ ಕೂತು. ಬೇರೆ ಯಾರಾದ್ರೂ ನೋಡಿದಾರಾ ಅಂತ ನೋಡೂಕೆ."

ಅವಳ ಹಿಂದಿನ ಸಾಲಿನಲ್ಲಿ ಮತ್ತೊಬ್ಬ ಕೈಯೆತ್ತಿದ. ಗೋಡೆಯ ಬದಿಯಲ್ಲಿ ಇನ್ನೊಬ್ಬ. ಆ ಪುಟಕ್ಕೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡಲು ಒಬ್ಬೊಬ್ಬರೂ ಗುಟ್ಟಾಗಿ ಹೋಗಿದ್ದರು. ಅಂಕಿ ಏರಿದ್ದನ್ನು ಕಂಡು ಒಬ್ಬೊಬ್ಬರೂ ಹೆದರಿ ಮರಳಿದ್ದರು.

ಸುಬ್ಬಿ ಬಂದಾಗ ಮಾಸ್ತರರು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟರು.

"ಸುಬ್ಬಕ್ಕ, ಇವತ್ತು ನೀವೇ ಒತ್ತಿ. ಈ ಕೀಲಿ."

ಒತ್ತಿದಳು. ಆಕಾಶ ಇಳಿಯಿತು, ಕೂದಲು, ಕಣ್ಣು, ಬಾಯಿ. ಅಂಕಿ ಒಂದು ಏರಿತು.

"ಇನ್ನೊಂದು ಸಲ."

ಮತ್ತೆ ಒಂದು ಏರಿತು. ಮೂರನೆಯ ಸಲ ಅವಳು ಯಾರೂ ಹೇಳದೆ ತಾನೇ ಒತ್ತಿದಳು. ಅಂಕಿಯನ್ನು ನೋಡಿದಳು. ಕೀಲಿಗೆ ಅಂಟಿದ ಮೀನಿನ ಹುರುಪೆಯೊಂದನ್ನು ಸೆರಗಿನಿಂದ ಒರೆಸಿ ಕೈ ಹಿಂದೆಗೆದಳು.

"ನಾನೇ ಅಲ್ದ್ರಾ ಇದು?"

"ನೀವು. ನಾನು. ಈ ಮಕ್ಕಳು."

"ಅಂವ?"

ಮಾಸ್ತರರು ಇಲ್ಲವೆಂದು ತಲೆಯಾಡಿಸಿದರು. ಅಂಕಿತಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಸುಬ್ಬಿ ಪರದೆಯ ಮೇಲಿನ ನಗುವಿನ ಮೇಲೆ ಬೆರಳಿಟ್ಟಳು.

"ಎಲ್ಲಾ ಸೇರಿ ಇಷ್ಟು ಸಲ ಹಿಂದಕ್ಕೆ ಕರದ್ರೆ," ಎಂದಳು, "ಅಂವ ಹ್ಯಾಂಗೆ ಹೋಗ್ತ?"

ಸುಬ್ಬಿ ಕುರ್ಚಿಯಿಂದ ಎದ್ದಳು.

"ಆತು. ಮುಚ್ಚಿ ಮಾಸ್ತರ್ರೇ."

ಅಮಾವಾಸ್ಯೆಯ ಹಿಂದಿನ ದಿನ ಮಾವಳ್ಳಿಯ ದಂಡೆಯಲ್ಲಿ ದರ್ಭೆಯ ಶರೀರ ಬೆಂದಿತು. ಅಷ್ಟು ಹಗುರದ ಒಡಲು ಉರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದುರ್ಗಪ್ಪ ಬೂದಿಯನ್ನು ಮಡಕೆಗೆ ತುಂಬಿ ನೀರಿಗೆ ಇಳಿದ. ಹೆಂಗಸರು ದೂರ ನಿಲ್ಲುವುದು ವಾಡಿಕೆ. ಸುಬ್ಬಿ ಅವನ ಹಿಂದೆಯೇ ಮೊಣಕಾಲಿನವರೆಗೆ ಇಳಿದಾಗ ಭಟ್ಟರೂ ತಡೆಯಲಿಲ್ಲ. ಬೂದಿ ತೆರೆಯ ಮೇಲೆ ಸ್ವಲ್ಪ ದೂರ ತೇಲಿ, ಬಣ್ಣ ಕಳೆದುಕೊಂಡು ನೀರೇ ಆಯಿತು. ಅವಳು ಕೈಜೋಡಿಸಿದಳು.

"ದೇವ್ರೇ, ನನ್ನ ಮಗನ ನಿನ್ನ ಪಾದದ ಬುಡಕ್ಕೆ ಕರ್ಕೋ. ನಾ ಕರದ್ರೂ ತಿರುಗಿ ನೋಡೂಕೆ ಬಿಡಬ್ಯಾಡ. ಅವ್ನ ಜೀವ ತಣ್ಣಗಿರ್ಲಿ."