ಭಾನುವಾರ ಒಗೆದ ಬಟ್ಟೆ

ಲೂಯಿಸ್ ದ್ವೀಪದ ಆ ಹಳ್ಳಿಯಲ್ಲಿ ಸ್ವರ್ಗದ ಬಾಗಿಲು ಕಾಯುವುದಕ್ಕೆ ದೇವದೂತರು ಬೇಕಾಗಿರಲಿಲ್ಲ. ಸಭೆಯ ಹಿರಿಯ ಟಾರ್ಕಿಲ್ ಒಬ್ಬನೇ ಸಾಕಾಗಿದ್ದ. ವರ್ಷಕ್ಕೆರಡು ಸಲ ಪ್ರಭುವಿನ ಭೋಜನ. ಮುನ್ನಾದಿನ ಅವನೂ ಪಾದ್ರಿಯೂ ಚರ್ಚಿನಲ್ಲಿ ಮೇಜು ಹಾಕಿ ಕೂತು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಗೆದ್ದವರಿಗೆ ಸೀಸದ ಒಂದು ಬಿಲ್ಲೆ. ಬಿಲ್ಲೆ ಇಲ್ಲದವರಿಗೆ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ದೂರ ಕೂತು ನೋಡಬೇಕು.

ಸೂಲಗಿತ್ತಿ ಬೇಹಾಗ್ ಏಳು ವರ್ಷದಿಂದ ದೂರ ಕೂತು ನೋಡುತ್ತಿದ್ದಳು. ಸಮುದ್ರಪಾಲಾದ ಅವಳ ಗಂಡ ಆ ಭೋಜನಕ್ಕೆ ಕೂತವನು. ತಾನೂ ಒಮ್ಮೆ ಅಲ್ಲಿ ಕೂರದೆ ಸತ್ತರೆ ಅವನ ಮುಖ ಮತ್ತೆ ಕಾಣುವುದಿಲ್ಲವೆಂಬ ಭಯ ಅವಳ ಜೀವ ಹಿಂಡುತ್ತಿತ್ತು. ನಿನ್ನ ಭರವಸೆ ಏನು ಎಂದು ಟಾರ್ಕಿಲ್ ಕೇಳಿದಾಗೆಲ್ಲ ಈ ಪೆದ್ದಿ ಹೆರಿಗೆ ಮಾಡಿಸಿದ್ದು, ಹೆಣ ತೊಳೆದದ್ದು ಎಲ್ಲ ಒದರಿಬಿಡುತ್ತಿದ್ದಳು. ಒಳ್ಳೆ ಕೆಲಸದಿಂದ ಯಾರೂ ಉದ್ಧಾರವಾಗುವುದಿಲ್ಲ, ನಂಬಿಕೆಯೊಂದೇ ಗತಿ ಎಂದು ಅವನು ವಾಪಸು ಕಳಿಸುತ್ತಿದ್ದ. ಪಕ್ಕದ ಮನೆಯವರಿಗೆ ಒಂದು ದಿನವೂ ಕೈ ಜೋಡಿಸದ ಮಹಾನುಭಾವನಿಗೆ ಈ ಬೋಧನೆ ಬಹಳ ಹಿತವಾಗಿತ್ತು.

ಈ ಸಲ ಅವಳು ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕ್ರಿಸ್ತನ ರಕ್ತವೊಂದೇ ನನ್ನ ಭರವಸೆ ಎಂದಳು. ಪಾದ್ರಿ ತಲೆದೂಗಿದರು. ಬಿಲ್ಲೆ ಡಬ್ಬಿಯಿಂದ ಹೊರಗೂ ಬಂತು. ಆದರೆ ಟಾರ್ಕಿಲ್ ಅದರ ಮೇಲೆ ಬೆರಳಿಟ್ಟು ಕೂತ.

ತಿಂಗಳ ಹಿಂದೆ, ಭಾನುವಾರ, ಅವನ ಮಗಳು ಶೋನಾಗ್‌ಗೆ ಹೆರಿಗೆಯಾಗಿತ್ತು. ರಕ್ತ ನಿಲ್ಲದೆ ಹುಡುಗಿ ಬಿಳಿಚಿಕೊಂಡಿದ್ದಳು. ಮನೆಯಲ್ಲಿದ್ದ ಎರಡೇ ಹಾಸುಬಟ್ಟೆ ನೆಂದು ತೊಪ್ಪೆಯಾದಾಗ ಬೇಹಾಗ್ ಅವನ್ನು ಹಳ್ಳದಲ್ಲಿ ಒಗೆದು ಕಲ್ಲುಗೋಡೆಯ ಮೇಲೆ ಹರವಿದಳು. ಭಾನುವಾರ ಕೆಲಸ ಮಾಡುವುದು ಪಾಪವೆಂದು ಕುಡಿಯುವ ನೀರನ್ನೂ ಶನಿವಾರವೇ ತಂದಿಡುವ ಊರದು! ಚರ್ಚಿನಿಂದ ಬರುತ್ತಿದ್ದವರೆಲ್ಲ ಕಣ್ಣಾರೆ ಕಂಡರು.

"ಹೆರಿಗೆ ಮಾಡಿಸಿದ್ದು ಕರುಣೆ, ಅದಕ್ಕೆ ದೋಷ ಇಲ್ಲ," ಅಂದ ಟಾರ್ಕಿಲ್. "ಬಟ್ಟೆ ಒಗೆದದ್ದು ಕೆಲಸ. ತಪ್ಪಾಯ್ತು ಅನ್ನು, ಬಿಲ್ಲೆ ತಗೋ."

ಒಂದೇ ಮಾತು. ಅವಳ ನಾಲಿಗೆ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಕೂಸು ಅತ್ತಿತು. ಅಲ್ಲಿ ಶೋನಾಗ್ ಕೂತಿದ್ದಳು. ಹಿರಿಯನ ಮಗಳಲ್ಲವೇ, ಅವಳಿಗೆ ಬಿಲ್ಲೆ ಮೊದಲೇ ಸಿಕ್ಕಿತ್ತು.

"ಅಲ್ಲಣ್ಣಾ, ನನ್ನ ಒಳ್ಳೆ ಕೆಲಸ ಎಲ್ಲಾ ಸೇರಿದ್ರೂ ನನ್ನನ್ನ ಮೇಲಕ್ಕೆತ್ತಲ್ಲ ಅಂತೀರಿ. ಎರಡು ಬಟ್ಟೆ ಒಗೆದದ್ದು ಮಾತ್ರ ಕೆಳಗೆ ತಳ್ಳುತ್ತಾ?" ಅಂದಳು ಬೇಹಾಗ್.

ಪಾದ್ರಿ ಕೆಮ್ಮಿದರು. ವಾದ ಬೇಡ ಅಂದ ಟಾರ್ಕಿಲ್.

"ಸರಿ. ಸೋಮವಾರದ ತನಕ ನಿಮ್ಮ ಮಗಳು ಆ ರಕ್ತದಲ್ಲೇ ಮಲಗಿರಬೇಕಿತ್ತು ಅಂತ ನೀವು ಹೇಳಿ. ಆಮೇಲೆ ನಾನು ತಪ್ಪಾಯ್ತು ಅಂತೀನಿ."

ಹೆತ್ತ ತಂದೆಯ ಬಾಯಿಂದ ಆ ಮಾತು ಬರಲಾರದು ಎಂದೇ ಅವಳು ನಂಬಿದ್ದಳು. ಟಾರ್ಕಿಲ್ ಪಾದ್ರಿಯ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ. "ಮಲಗಿರಬೇಕಿತ್ತು," ಅಂದ. ಥೂ, ಇದೂ ಒಂದು ನಂಬಿಕೆಯೇ!

ಈಗ ಅವಳ ಸರದಿ. ಬಿಲ್ಲೆ ಕೈಗೆಟುಕುವಷ್ಟು ಹತ್ತಿರವಿತ್ತು. ಗಂಡನ ನೆನಪಾಗಿ ಕಣ್ಣು ತುಂಬಿತು. ತನ್ನ ಕೈಲಾಗುವುದಿಲ್ಲ ಎಂದು ಹೇಳಿ ಎದ್ದಳು.

ಶೋನಾಗ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ತನ್ನ ಬಿಲ್ಲೆಯನ್ನು ತಂದೆಯ ಮುಂದಿಟ್ಟಳು.

"ನಾನು ಬೇಹಾಗ್ ಅತ್ತೆ ಜೊತೆ ದೂರ ಕೂರ್ತೀನಿ ಅಪ್ಪಾ. ನೀನು ಉಣ್ಣು."