ಓಣಿಗಿಂತ ಅಗಲದ ಕಾರು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಅನ್ನುತ್ತಾರೆ. ಅದು ಹಳೇ ಕಾಲದ ಅಲ್ಪನ ಮಾತು. ಹೊಸಪೇಟೆಯ ಅಲ್ಪನಿಗೆ ಮಣ್ಣು ಸಾಗಿಸಿ ಐಶ್ವರ್ಯ ಬಂತು ನೋಡಿ, ಅವನು ಕೊಡೆ ಕೊಳ್ಳಲಿಲ್ಲ. ತನ್ನ ಓಣಿಗೇ ಹಿಡಿಸದ ಕಾರು ಕೊಂಡ.

ಮುರುಗೇಶಪ್ಪ ಅಂತ ಆ ಧಣಿಯ ಹೆಸರು. ಕೆಲ ವರ್ಷಗಳ ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡು, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದವನು. ಚೀನಾದವರಿಗೆ ಸಂಡೂರಿನ ಕೆಂಪು ಮಣ್ಣಿನ, ಅಂದರೆ ಕಬ್ಬಿಣದ ಅದಿರಿನ, ಹಸಿವು ಹುಟ್ಟಿದ್ದೇ ತಡ, ಮೊದಲು ಒಂದು ಲಾರಿ ಕೊಂಡ, ಆಮೇಲೆ ಲಾರಿಗಳು ಸಾಲುಗಟ್ಟಿ ನಿಂತವು. ಕೊರಳಿಗೆ ದನ ಕಟ್ಟುವ ಹಗ್ಗದಷ್ಟು ದಪ್ಪದ ಬಂಗಾರದ ಸರ ಬಂತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು ಬಂದವು. ಊರಿಗೆ ಊರೇ ಕೆಂಪು ಧೂಳು ನುಂಗಿ ಕೆಮ್ಮುತ್ತಿದ್ದಾಗ ಮೈತುಂಬ ಬಿಳಿ ತೊಡುವುದೆಂದರೆ, ಧೂಳು ಎಬ್ಬಿಸುವವನು ನಾನು, ನುಂಗುವವರು ನೀವು ಅಂತ ಡಂಗುರ ಸಾರಿದ ಹಾಗೆ.

ಅವನ ಜೊತೆಗೇ ಲಾರಿ ಮಾಡಿದವರೆಲ್ಲ ಡ್ಯಾಮ್ ರಸ್ತೆಯ ಕಡೆ ಬಂಗಲೆ ಕಟ್ಟಿಸಿಕೊಂಡು ಹೋದರು. ಇವನು ಮಾತ್ರ ಬಾವಿ ಓಣಿಯ ಕೊನೆಯ ಹಳೇ ಮನೆ ಬಿಡಲಿಲ್ಲ. ಓಣಿಯ ಮೇಲಿನ ಪ್ರೀತಿಯಿಂದಲ್ಲ. ಯಾರೋ ಜ್ಯೋತಿಷಿ, "ಈ ಹೊಸ್ತಲ ದಾಟಿದ್ರ ಲಕ್ಷ್ಮಿ ನಿನ್ನ ಹಿಂದ ಬರಂಗಿಲ್ಲ" ಅಂದಿದ್ದ. ಬೆಟ್ಟ ಅಗೆದು ಖಾಲಿ ಮಾಡುವಾಗ ಯಾವ ದೇವರಿಗೂ ಅಂಜದ ಮನುಷ್ಯ ಒಂದು ಹೊಸ್ತಿಲಿಗೆ ಅಂಜಿದ.

ಆ ಮನೆಗೆ ಆ ಕಾರನ್ನು ದಿನಾ ಮುಟ್ಟಿಸುವ ಕೆಲಸ ಎರ್ರೆಪ್ಪನದು. ಕಂಪ್ಲಿಯ ಹುಡುಗ, ಇಪ್ಪತ್ನಾಲ್ಕರ ಆಸುಪಾಸು. ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟು ಅಕ್ಕಿ ಮಿಲ್ಲಿನ ಟ್ರ್ಯಾಕ್ಟರ್ ಹತ್ತಿದವನು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಹೊಡೆಯಲು ಕಲಿತವನಿಗೆ ಬೇರೆ ಯಾವ ಗಾಡಿಯೂ ಗಾಡಿಯಲ್ಲ ಅನ್ನುವುದು ಅವನ ಸೊಕ್ಕು. ಸೊಕ್ಕು ಅವನಿಗೂ ಇತ್ತು, ಸುಳ್ಳೇಕೆ ಹೇಳಬೇಕು. ಇವತ್ತಿನವರೆಗೆ ಒಂದು ಗೋಡೆಗೆ ಗೀರು ಹಾಕಿಲ್ಲ ಎಂಬುದು ಅವನ ಪಾಲಿಗೆ ಧಣಿಯ ಬಂಗಾರದ ಸರ ಇದ್ದ ಹಾಗೆ.

ಬಾವಿ ಓಣಿಗೆ ಒಂದು ರಿವಾಜು ಇತ್ತು, ಎತ್ತಿನ ಬಂಡಿಯ ಕಾಲದ್ದು. ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಹೊಡೆಯುವವನು ಕೆಳಗಿಳಿದು ದನಿ ಕೊಡಬೇಕು: "ಗಾಡಿ ಬಂತ್ರೆಪ್ಪೋ!" ಆಗ ಓಣಿ ಮೈ ಮುದುರಿಕೊಳ್ಳುತ್ತದೆ. ಹೊರಗೆ ತೆರೆದ ಕಿಟಕಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ನಳದ ಮುಂದಿನ ಕೊಡಗಳು ಒಳಗೆ ಹೋಗುತ್ತವೆ. ಒಣಗಲು ಹಾಕಿದ ಹಪ್ಪಳದ ಹೊರಸು ಗೋಡೆಗೆ ನಿಲ್ಲುತ್ತದೆ. ನಡುವೆ ದುರುಗವ್ವನ ಮನೆ. ಅವಳ ಕಲ್ಲಿನ ಕಟ್ಟೆ ಓಣಿಗೆ ಮೊಣಕಾಲು ಚಾಚಿದಂತೆ ಮುಂದೆ ಬಂದಿದೆ. ಆ ಕಟ್ಟೆಯ ಮೇಲೇ ಅವಳು ಒಲೆ ಇಟ್ಟು ಮಿರ್ಚಿ ಕರಿಯುತ್ತಾಳೆ, ಅದೇ ಅವಳ ಅಂಗಡಿ, ಅದೇ ಅವಳ ಅನ್ನ. ದನಿ ಕೇಳಿದರೆ ಕಾದ ಎಣ್ಣೆಯ ಬಾಣಲೆಯನ್ನು ಒಳಗಿಡುತ್ತಾಳೆ. ಎದುರು ಗೋಡೆಗೆ ಒಂದು ಗುಂಡುಕಲ್ಲು, ಹಿಂದೆ ಗರಡಿಯ ಹುಡುಗರು ಎತ್ತುತ್ತಿದ್ದದ್ದು, ಈಗ ಮಿರ್ಚಿ ತಿನ್ನುವವರಿಗೆ ಕುರ್ಚಿ. ಅದರ ಮೇಲೆ ಕುಳಿತವರು ಎದ್ದು ಕಲ್ಲನ್ನು ಪಕ್ಕದ ಸಂದಿಗೆ ಉರುಳಿಸುತ್ತಾರೆ. ಎಲ್ಲ ಆದಮೇಲೆ ಒಳಗಿನಿಂದ ಮರುದನಿ ಬರುತ್ತದೆ: "ಬರ್ರೀ!" ಆ ಮರುದನಿ ಬರದೆ ಯಾರೂ ಗಾಲಿ ಉರುಳಿಸುವ ಹಾಗಿಲ್ಲ.

ಎರ್ರೆಪ್ಪ ದಿನಾ ದನಿ ಕೊಡುತ್ತಿದ್ದ. ಎರಡೂ ಬದಿಯ ಕನ್ನಡಿ ಮಡಚಿ, ಉಸಿರು ಬಿಗಿಹಿಡಿದು, ಆ ಕಡೆ ಎರಡು ಬೆರಳು ಈ ಕಡೆ ಎರಡು ಬೆರಳಿನ ಸಂದಿನಲ್ಲಿ ಆನೆಯಂಥ ಕಾರನ್ನು ಬೆಕ್ಕಿನ ಹಾಗೆ ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ಧಣಿ ಕರಿ ಗಾಜು ಏರಿಸಿಕೊಂಡು, "ಹಲೋ, ಎಷ್ಟ್ ಲೋಡ್ ಹೋತಲೇ?" ಅಂತ ಫೋನಿನಲ್ಲಿ ಒದರುತ್ತಿದ್ದ. ತನಗಾಗಿ ಒಂದು ಓಣಿ ದಿನಾ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಅವನು ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ಓಣಿ ಅಷ್ಟು ಅಗಲವೇ ಇದೆ ಅಂದುಕೊಂಡಿದ್ದ.

ಒಂದು ಶುಕ್ರವಾರ ಬೆಳಿಗ್ಗೆ ಧಣಿ ಅವನನ್ನು ಪಡಸಾಲೆಗೆ ಕರೆದ.

"ಲೇ ಎರ್ರಾ, ಇನ್ನ ಮ್ಯಾಲೆ ಆ ಗಾಡಿ ಬಂತ್ರೆಪ್ಪೋ ಗೀಡಿ ಬಂತ್ರೆಪ್ಪೋ ಬಂದ್ ಮಾಡು. ಬಳೆಗಾರರಂಗ ಒದರ್ತೀಯಲ್ಲ, ನನ್ನ ಮರ್ಯಾದಿ ಏನಾತು? ಹಾರ್ನ್ ಯಾಕ ಐತಿ?"

"ಹಾರ್ನಿಗೆ ಯಾರೂ ಕಲ್ಲು ಸರಸಂಗಿಲ್ರಿ ಧಣಿ. ದನಿಗೆ ಸರಸ್ತಾರ."

"ಅದಕ್ಕ ಹೇಳಾಕತ್ತೀನಿ ಕೇಳು. ಆ ಮುದುಕಿ ಕಟ್ಟಿ ಐತೆಲ್ಲ, ಅದೊಂದು ಹೋದ್ರ ರಾಜಮಾರ್ಗ ಆಕ್ಕತಿ. ಮಾರು ಅಂದ್ರ ಮಾರವಲ್ಲಳು. ಹಳೇ ಜೀಪ್ ಹೆಂಗಿದ್ರೂ ಗುಜರಿಗೆ ಹೋಗೋದೈತಿ. ಮಧ್ಯಾಹ್ನ ಅದನ್ನ ತಗೊಂಡು ಬಂದು ಕಟ್ಟಿಗೆ ಒಂದು ಸರಿಯಾಗಿ ಕೊಡು. ಆಕಿ ಒಳಗ ಮಲಗಿರ್ತಾಳ. ಕೇಳಿದವ್ರಿಗೆ, ಕುಡದಿದ್ದೆ, ಕಣ್ಣು ಕಾಣಲಿಲ್ಲ ಅನ್ನು. ಮುಂದಿಂದು ನಾ ನೋಡಿಕೊಂತೀನಿ."

ಎರ್ರೆಪ್ಪನಿಗೆ ನೆತ್ತಿಗೆ ರಕ್ತ ಏರಿತು. ಆ ಮುದುಕಿಯ ಅನ್ನದ ಕಲ್ಲು ಕೀಳು ಅನ್ನುವುದು ಒಂದು. ಅದನ್ನು ಕುಡಿದು ಕಿತ್ತೆ ಅಂತ ತನ್ನ ಬಾಯಿಂದಲೇ ಹೇಳು ಅನ್ನುವುದು ಇನ್ನೊಂದು. ಹನಿ ಮುಟ್ಟದ ಮನುಷ್ಯ, ಗೀರು ಹಾಕದ ಕೈ, ಎರಡನ್ನೂ ಒಂದೇ ಮಾತಿನಲ್ಲಿ ಗಟಾರಕ್ಕೆ ಎಸೆಯಲು ಹೇಳುತ್ತಿದ್ದಾನೆ, ಅದೂ ಚಾ ಹೀರುತ್ತ!

"ಆಗಂಗಿಲ್ರಿ," ಅಂದ.

"ಯಾಕಲೇ? ಆಕಿ ಏನ್ ನಿಮ್ಮವ್ವನಾ?"

"ನಮ್ಮವ್ವ ಆಗಿದ್ರ ಇಷ್ಟೊತ್ತಿಗೆ ನಿಮ್ಮ ಬಿಳಿ ಅಂಗಿ ಬ್ಯಾರೆ ಬಣ್ಣ ಆಗಿರ್ತಿತ್ತು. ತಗೊಳ್ರಿ ಕೀಲಿ."

ಕೀಲಿಯನ್ನು ಟೀಪಾಯಿಯ ಮೇಲೆ ಇಟ್ಟ. ಇಟ್ಟ ಅನ್ನುವುದು ಮರ್ಯಾದೆಯ ಮಾತು, ಎಸೆದ.

ಧಣಿ ನಕ್ಕ. "ಹೋಗಲೇ, ಹೋಗು. ಸ್ಟೇರಿಂಗ್ ತಿರುಗ್ಸಾಕ ಏನ್ ಕಾಲೇಜ್ ಓದಬೇಕ? ನಾನ ಹೊಡಿತೀನಿ. ಕಟ್ಟಿ ಕಥಿ ನಾಳೆ ಜೆಸಿಬಿ ತರಿಸಿ ಮುಗಸ್ತೀನಿ. ಏನ್ ಕಿತ್ತುಕೊಂತೀರೋ ಕಿತ್ತುಕೊಳ್ರಿ."

ಸಂಜೆ ಎರ್ರೆಪ್ಪ ಕಂಪ್ಲಿಯ ಬಸ್ಸು ಹಿಡಿಯಬೇಕಿದ್ದವನು ದುರುಗವ್ವನ ಕಟ್ಟೆಯ ಮೇಲೆ ಕೂತಿದ್ದ. ಜೆಸಿಬಿಯ ಸುದ್ದಿ ಹೇಳಲೆಂದೇ ಬಂದಿದ್ದ. ದುರುಗವ್ವ ಕೇಳಿಸಿಕೊಂಡು ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುವುದನ್ನು ನಿಲ್ಲಿಸಲಿಲ್ಲ.

"ಅವನು ಪಂಕ್ಚರ್ ಹಾಕೋ ಮುಂದ ಇದ ಕಟ್ಟಿ ಮ್ಯಾಲೆ ಕುಂತು ಉದ್ರಿ ಮಿರ್ಚಿ ತಿಂದಾನ," ಅಂದಳು. "ಇದರ ಮ್ಯಾಲೆ ಕುಂತವನ ಇದನ್ನ ಒಡದಾನಾ?"

"ಒಡಿತಾನಬೇ. ಅವನು ಕುಂತಿದ್ದ ಬೆಟ್ಟನ ಬಿಟ್ಟಿಲ್ಲ."

ಗುಂಡುಕಲ್ಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ ಮೈಲಾರಲಿಂಗಪ್ಪ ಎಂಬ ಹಮಾಲಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಓಣಿಯ ಬಾಯಿಂದ ಹಾರ್ನ್ ಕೇಳಿತು. ಒಂದು ಸಲವಲ್ಲ, ಬೆನ್ನು ಬಿದ್ದ ನಾಯಿಯ ಹಾಗೆ ಒಂದೇ ಸಮನೆ.

ಎರ್ರೆಪ್ಪ ಎದ್ದು ನಿಂತ. ಬಾಯಿಗೆ ಬಂದ ದನಿ ಹಲ್ಲಿನ ಹತ್ತಿರ ನಿಂತಿತು. ಒಂದು ಕೂಗು ಹಾಕಿದರೆ ಸಾಕು, ಓಣಿ ಮುದುರಿಕೊಂಡು ದಾರಿ ಕೊಡುತ್ತಿತ್ತು. ಹಾಕಲಿಲ್ಲ. ಥೂ, ಇವನಿಗೆ ಇನ್ನೂ ನಾನೇ ಕೂಗಬೇಕೆ ಅನ್ನಿಸಿತು. ಆದರೆ ಕಾರು ಬರುವ ಜೋರು ನೋಡಿ ಒಲೆಯ ಕಡೆ ತಿರುಗಿದ. ಕುದಿಯುವ ಎಣ್ಣೆ! ಹೆಗಲ ಮೇಲಿನ ಟವೆಲ್ ಹಾಕಿ ಬಾಣಲೆ ಎತ್ತಿ ಒಳಗಿಟ್ಟ. ದುರುಗವ್ವನ ರಟ್ಟೆ ಹಿಡಿದು ಹೊಸ್ತಿಲೊಳಗೆ ಎಳೆದ. "ಏಳಲೇ ಮೈಲಾರಿ, ಒಳಗ ಬಾ!" ಅಂತ ಒದರಿದ. ಮೈಲಾರಲಿಂಗಪ್ಪ ಎದ್ದು ಕಲ್ಲಿಗೆ ಕೈ ಹಾಕಿದ.

"ಕಲ್ಲು ಅಲ್ಲೇ ಇರ್ಲಿ," ಅಂದ ಎರ್ರೆಪ್ಪ.

ಕಾರು ಬಂತು. ಮೊದಲು ಮಡಚದ ಬಲಗನ್ನಡಿ ಗೋಡೆಗೆ ಬಡಿದು ಚೂರಾಯಿತು. ಗಾಬರಿಯಲ್ಲಿ ಧಣಿ ಬ್ರೇಕಿನ ಬದಲು ಎಕ್ಸಿಲರೇಟರ್ ತುಳಿದ. ಬಲಮಗ್ಗುಲು ಗುಂಡುಕಲ್ಲನ್ನು ಒತ್ತಿಕೊಂಡಿತು, ಎಡಮಗ್ಗುಲು ಕಟ್ಟೆಯನ್ನು ಉಜ್ಜಿಕೊಂಡು ಕಿರ್ರೆಂದಿತು, ಒಂದು ಸಲ ಮುಂಬದಿ ಎದ್ದು ಕುಣಿದು ಗಪ್ ಆಯಿತು. ಅಡಕತ್ತರಿಯ ನಡುವೆ ಅಡಿಕೆ. ಎಡಕ್ಕೆ ಬಾಗಿಲು ತೆರೆದರೆ ಕಟ್ಟೆ, ಬಲಕ್ಕೆ ತೆರೆದರೆ ಗೋಡೆ. ಮುಂದೆ ಕಟ್ಟಿದ ಚೆಂಡುಹೂವಿನ ಹಾರ ಕಿತ್ತು ಗಟಾರಕ್ಕೆ ಬಿತ್ತು.

ಓಣಿಯ ಜನವೆಲ್ಲ ಹೊರಗೆ ಬಂದರು. ಎಡಗಡೆಯ ಕರಿ ಗಾಜು ಮೆಲ್ಲಗೆ ಇಳಿಯಿತು. ಕಟ್ಟೆಯ ಮಟ್ಟಕ್ಕೆ ಸರಿಯಾಗಿ, ಸ್ಟೇರಿಂಗ್ ಬಿಟ್ಟು ಈ ಕಡೆಯ ಸೀಟಿಗೆ ಬಾಗಿದ ಧಣಿಯ ಮುಖ ಕಂಡಿತು, ಅಂಗಡಿಯಲ್ಲಿ ಮಾರಲು ಇಟ್ಟ ಹಾಗೆ. ದುರುಗವ್ವ ಬಂದು ಪಕ್ಕದಲ್ಲಿ ಕೂತಳು.

"ಬಂದೇನಪ್ಪಾ ಮುರುಗ್ಯಾ? ಭಾಳ ದಿನ ಆಗಿತ್ತು ನನ್ನ ಕಟ್ಟಿಗೆ ಬಂದು. ಬಿಸಿ ಮಿರ್ಚಿ ಕೊಡ್ಲೇನು?"

ಜನ ಕಿಸಕ್ಕೆಂದರು. ಧಣಿ ಅವಳನ್ನು ಬಿಟ್ಟು ಅವಳ ಹಿಂದೆ ನಿಂತವನ ಕಡೆ ನೋಡಿದ.

"ಲೇ ಎರ್ರಾ! ಏನ್ ನೋಡ್ತಿ? ಹಿಂದಿನ ಡಿಕ್ಕಿ ತಗದು ಒಳಗ ಬಾ, ಗಾಡಿ ಹಿಂದಕ್ಕ ತಗಿ!"

"ಆಗಂಗಿಲ್ರಿ ಧಣಿ," ಅಂದ ಎರ್ರೆಪ್ಪ. "ನಾ ಕುಡದೀನಿ."

"ಏನು?"

"ಬೆಳಿಗ್ಗೆ ನೀವ ಹೇಳಿದ್ರೆಲ್ಲ, ಕುಡದಿದ್ದೆ, ಕಣ್ಣು ಕಾಣಲಿಲ್ಲ ಅನ್ನು ಅಂತ. ಕುಡದವ್ರು ಗಾಡಿ ಮುಟ್ಟಬಾರ್ದ್ರಿ. ಯಾರದರ ಕಟ್ಟಿ ಬಿದ್ದಾವು."

ಬೆಳಿಗ್ಗೆಯ ಮಾತು ಓಣಿಗೆ ಆಗ ಅರ್ಥವಾಯಿತು. ನಗು ನಿಂತಿತು. ಮೈಲಾರಲಿಂಗಪ್ಪ ಮಂಡಕ್ಕಿಯ ಪೊಟ್ಟಣ ಮುದುಡಿ ಬಿಸಾಕಿ ಕಾರಿನ ಮುಂದೆ ಬಂದು ನಿಂತ. ಕಿಟಕಿಗಳಲ್ಲಿ ನಿಂತಿದ್ದ ಹೆಂಗಸರೂ ಇಳಿದು ಬಂದರು. ಯಾರೂ ಕೈ ಎತ್ತಲಿಲ್ಲ, ಬೈಯಲಿಲ್ಲ. ಕಾರಿನ ಹಿಂದೆ ಮುಂದೆ ಒತ್ತಿ ನಿಂತರು. ಧಣಿಯ ಬಿಳಿ ಅಂಗಿ ಬೆನ್ನಿಗೆ ಅಂಟಿತು.

"ಕಲ್ಲು ಸರಸ್ರಪಾ," ಅಂದ, ದನಿ ಇಳಿಸಿ. "ಹಿಂದಕ್ಕ ತಗೊಂತೀನಿ."

"ಸರಸ್ತೀವಿ," ಅಂದಳು ದುರುಗವ್ವ. "ದನಿ ಕೊಡು."

"ಏನ್ ದನಿ?"

"ಈ ಓಣ್ಯಾಗ ಹುಟ್ಟಿ ಕೇಳ್ತಿ ನೋಡು. ನಿಮ್ಮಪ್ಪ ಬಂಡಿ ಹೊಡೆಯೋ ಮುಂದ ಕೊಡ್ತಿದ್ನೆಲ್ಲ, ಅದ."

ಧಣಿ ಎರ್ರೆಪ್ಪನ ಕಡೆ ನೋಡಿದ. ಎರ್ರೆಪ್ಪ ಟವೆಲ್ಲಿನಿಂದ ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತಿದ್ದ.

"ಗಾಡಿ... ಬಂತ್ರಿ."

"ಕೇಳಲಿಲ್ಲ!" ಹಿಂದಿನಿಂದ ಯಾರೋ ಒದರಿದರು.

"ಗಾಡಿ ಬಂತ್ರೆಪ್ಪೋ!" ಅಂತ ಕೂಗಿದ ಮುರುಗೇಶಪ್ಪ. ಕೊನೆಗೆ ಅವನ ಗಂಟಲು ಒಡೆಯಿತು.

"ಬರ್ರೀ!" ಅಂತ ಓಣಿಗೆ ಓಣಿಯೇ ಮರುದನಿ ಕೊಟ್ಟಿತು.

ಎರ್ರೆಪ್ಪ ಹೊರಗೆ ನಿಂತೇ ಹೇಳಿದ. ಎಡಕ್ಕ ತಿರುಗ್ಸ್ರಿ, ನಿಂದ್ರಸ್ರಿ, ಸಾವಕಾಶ ಬಿಡ್ರಿ ಕ್ಲಚ್ಚು. ಮೈಲಾರಲಿಂಗಪ್ಪ ಹಾರೆ ಹಾಕಿ ಗುಂಡು ಹೊರಳಿಸಿದ. ಕಾರು ಎರಡೂ ಮಗ್ಗುಲು ತರಚಿಕೊಂಡು, ಬಾಲ ಮುದುರಿದ ನಾಯಿಯಂತೆ ಹಿಂದಿಂದಕ್ಕೆ ಹೋಯಿತು. ಓಣಿಯ ಬಾಯಲ್ಲಿ ನಿಂತಿತು. ಅದು ಮತ್ತೆ ಒಳಗೆ ಬರಲಿಲ್ಲ. ಮರುದಿನ ಜೆಸಿಬಿಯೂ ಬರಲಿಲ್ಲ. ಕಟ್ಟೆ ಒಡೆದರೆ ಒಡೆಸಿದವನು ಯಾರು ಅಂತ ಇಡೀ ಓಣಿಗೆ ಮೊದಲೇ ಗೊತ್ತಿತ್ತಲ್ಲ, ತಪ್ಪನ್ನು ತಲೆಗೆ ಕಟ್ಟಲು ಒಬ್ಬ ಕುಡುಕನೂ ಉಳಿದಿರಲಿಲ್ಲ. ಅವನಿಗೆ ಬುದ್ಧಿ ಬಂತು ಅಂತ ಮಾತ್ರ ಯಾರೂ ತಿಳಿಯಬೇಡಿ. ಅಂಥವರಿಗೆ ಬುದ್ಧಿ ಬರುವುದಿಲ್ಲ, ಅಂಜಿಕೆ ಬರುತ್ತದೆ, ಅಷ್ಟೇ.

ಎರ್ರೆಪ್ಪ ಈಗ ಬಾಡಿಗೆಯ ಲಗೇಜ್ ಆಟೋ ಹೊಡೆಯುತ್ತಾನೆ. ಸಂಜೆ ಅವನು ಕಟ್ಟೆಯ ಮೇಲೆ ಕೂತಿರುವಾಗ ಧಣಿ ಓಣಿಯ ಬಾಯಲ್ಲಿ ಕಾರು ಬಿಟ್ಟು, ಬಿಳಿ ಪ್ಯಾಂಟು ಎತ್ತಿ ಹಿಡಿದು, ಗಟಾರ ನೋಡಿಕೊಂಡು ನಡೆದು ಬರುತ್ತಾನೆ. ಕಟ್ಟೆಯ ಹೊರಮೈಗೆ ಕಾರಿನ ಬಿಳಿ ಬಣ್ಣದ ಗೀರು ಇನ್ನೂ ಹಾಗೇ ಇದೆ. ದುರುಗವ್ವ ಎರಡು ಸಲ ತಿಕ್ಕಿ ನೋಡಿ ಬಿಟ್ಟಿದ್ದಾಳೆ. ಧಣಿ ಹತ್ತಿರ ಬಂದಾಗ ಎರ್ರೆಪ್ಪ ಮಿರ್ಚಿ ಕೆಳಗಿಟ್ಟು, ಎದ್ದು, ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

"ಧಣಿ ಬಂದ್ರೆಪ್ಪೋ!"

ಕೊಡಗಳು ಸರಿಯುತ್ತವೆ, ಕಿಟಕಿಗಳು ಮುಚ್ಚುತ್ತವೆ, ಮೈಲಾರಲಿಂಗಪ್ಪ ಎದ್ದು ಗುಂಡುಕಲ್ಲನ್ನು ಸಂದಿಗೆ ಉರುಳಿಸುತ್ತಾನೆ. ಬಂಡಿ ಹಿಡಿಸುವಷ್ಟು ಖಾಲಿಯಾದ ಓಣಿಯಲ್ಲಿ ಧಣಿಯ ಆ ಒಂದು ಹೊಟ್ಟೆ, ತಲೆ ತಗ್ಗಿಸಿಕೊಂಡು, ಜಲ್ದಿ ಜಲ್ದಿ ದಾಟಿಹೋಗುತ್ತದೆ.